ಹೊಟ್ಟೆ ಸೀಳದ ಬ

ಗೋಕಾಕ್ ಚಳವಳಿಯ ಪೋಸ್ಟರ್ ಹಚ್ಚುವ ಅಂಟಿಗೆ ಮೈಲುತುತ್ತ ಬೆರೆಸಬೇಕು ಅಂತ ನಮಗೆ ಯಾವ ನಾಯಕರೂ ಹೇಳಿಕೊಡಲಿಲ್ಲ. ಎಮ್ಮೆಗಳು ಹೇಳಿಕೊಟ್ಟವು. 1982ರ ಬೇಸಿಗೆ, ಧಾರವಾಡ. ರಾತ್ರಿ ಎರಡರವರೆಗೆ ಕೂತು ಸುಭಾಸ ರಸ್ತೆಯ ಉದ್ದಕ್ಕೂ 40 ಪೋಸ್ಟರ್ ಹಚ್ಚಿ ಮಲಗಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ಉಳಿದಿದ್ದು 11, ಅವೂ ಎಮ್ಮೆಯ ಮೂತಿಗೆ ಎಟುಕದ ಎತ್ತರದಲ್ಲಿ ಇದ್ದವು. ಮಿಕ್ಕಿದ್ದನ್ನೆಲ್ಲ ಮೈದಾದ ಆಸೆಗೆ ಗೌಳಿಗರ ಎಮ್ಮೆಗಳು ಕನ್ನಡ ಸಮೇತ ಮೇದುಬಿಟ್ಟಿದ್ದವು. ಪುಸ್ತಕದ ರಟ್ಟು ಕಟ್ಟುವ ಅಜ್ಜ ಒಬ್ಬರು ನಕ್ಕು, "ಅಂಟು ಕುದಿಯೂ ಮುಂದ ಒಂದು ಚಿಟಿಕಿ ಮೈಲುತುತ್ತ ಒಗೀರಿ, ಮೂಸಿ ಬಿಡ್ತಾವು" ಅಂದರು. ಮರುದಿನದಿಂದ ಎಮ್ಮೆಗಳು ಮೂಸಿ ಮುಂದೆ ಹೋದವು.

ನಮ್ಮ ಊರು ನವಲಗುಂದದ ಕಡೆಯದು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆದಾಗ ನಾನು ಹತ್ತನೆಯ ತರಗತಿ ಮುಗಿಸಿದ್ದೆ. ನೀರಿನ ಕರ, ಮಲಪ್ರಭೆ ಕಾಲುವೆ ಅಂತ ಮನೆಯಲ್ಲಿ ದಿನವೂ ಇದೇ ಮಾತು. ಹಾಗಾಗಿ ಧಾರವಾಡಕ್ಕೆ ಕಲಿಯಲು ಬಂದಾಗ ಸರ್ಕಾರದ ಮೇಲೆ ಸಿಟ್ಟು ಬುತ್ತಿಯ ಜೊತೆಗೇ ಬಂದಿತ್ತು. ಗೋಕಾಕ್ ವರದಿ ಅದಕ್ಕೊಂದು ದಾರಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಅಂತ ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ಹೇಳಿತ್ತು. ಮುಖ್ಯಮಂತ್ರಿ ಗುಂಡೂರಾವ್ ಅವರ ಸರ್ಕಾರ ವರದಿಯ ಮೇಲೆ ಕೂತಿತ್ತು. ಪತ್ರಕರ್ತ ಪಾಟೀಲ ಪುಟ್ಟಪ್ಪ, ಕವಿ ಚಂಪಾ (ಚಂದ್ರಶೇಖರ ಪಾಟೀಲ) ಮಾತಾಡುವಾಗ ನಾವು ಹಿಂದೆ ನಿಂತು ಕೈ ತಟ್ಟುತ್ತಿದ್ದೆವು. ಭಾಷಣ ಮಾಡುವ ಧೈರ್ಯ ನನಗಿರಲಿಲ್ಲ. ಅಕ್ಷರ ದುಂಡಗಿತ್ತು, ಅಷ್ಟೇ ಬಂಡವಾಳ.

ಮೊದಲು ಸೈಕ್ಲೋಸ್ಟೈಲ್, ಅಂದರೆ ಕೈಯಲ್ಲಿ ಬರೆದದ್ದಕ್ಕೆ ಮಸಿ ಹಚ್ಚಿ ಪ್ರತಿ ತೆಗೆಯುವ ಕೆಲಸ. ಮೇಣದ ಸ್ಟೆನ್ಸಿಲ್ ಹಾಳೆಯನ್ನು ಗೀರುಗಳಿದ್ದ ತಗಡಿನ ಮೇಲಿಟ್ಟು ಉಕ್ಕಿನ ಮೊನೆಯ ಲೇಖನಿಯಿಂದ ಬರೆಯಬೇಕು. ಒತ್ತಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಮಸಿ ಇಳಿಯುವುದಿಲ್ಲ. ಇಂಗ್ಲಿಷಿನ ಗೀಟುಗಳಿಗೆ ಇದು ಸಲೀಸು. ಕನ್ನಡದ ಸುತ್ತು ನೋಡಿ, ಠ, ಥ, ರ ಬರೆಯುವಾಗ ಸುತ್ತು ಪೂರ್ತಿಯಾದರೆ ಒಳಗಿನ ಮೇಣದ ಬಿಲ್ಲೆ ಉದುರಿ, ಅಚ್ಚಿನಲ್ಲಿ ಅಲ್ಲೊಂದು ಕರಿ ಉಂಡೆ ಬೀಳುತ್ತದೆ. ಸುತ್ತನ್ನು ಕೂದಲೆಳೆಯಷ್ಟು ಬಾಯಿಬಿಟ್ಟು ನಿಲ್ಲಿಸುವುದನ್ನು ಕಲಿಯುವ ಹೊತ್ತಿಗೆ ಮೂರು ಸ್ಟೆನ್ಸಿಲ್ ಕೆಡಿಸಿದ್ದೆ. ಒಂದೊಂದಕ್ಕೂ ಮೆಸ್ಸಿನ ಒಂದು ಹೊತ್ತಿನ ಊಟದ ದುಡ್ಡು.

ಗೋಡೆ ಬರಹ ಬೇರೆಯೇ ವಿದ್ಯೆ. ಹುರಮಂಜಿಗೆ, ಅಂದರೆ ಕೆಮ್ಮಣ್ಣಿನ ಬಣ್ಣಕ್ಕೆ, ಬಡಿಗೇರರ ಅಂಟು ಕಾಯಿಸಿ ಬೆರೆಸಿದರೆ ಒರೆಸಿದರೂ ಹೋಗದು. ತೆಂಗಿನ ನಾರು ಜಜ್ಜಿ ಕಟ್ಟಿದರೆ ಕುಂಚ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವುದು ಮೊದಲ ಪಾಠ. "ವರದಿ" ಸರಸರ ಮುಗಿಯುತ್ತದೆ, ಮೂರೂ ಅಕ್ಷರಕ್ಕೆ ಒತ್ತಿಲ್ಲ. "ಪ್ರಥಮ" ಬಂದಾಗ ಪ ಕೆಳಗಿನ ಒತ್ತು ಗಟಾರಕ್ಕೆ ಇಳಿಯುತ್ತಿತ್ತು. ಒಬ್ಬ ಬಕೀಟು ಹಿಡಿಯಬೇಕು, ಒಬ್ಬ ಪೊಲೀಸರ ಸೈಕಲ್ ಬರುವುದನ್ನು ನೋಡಬೇಕು, ಬರೆಯುವವನು ಹಿಂದೆ ಸರಿದು ನೋಡುವ ಹಾಗಿಲ್ಲ.

ಹಿಂದೆ ಸರಿದು ನೋಡದ್ದಕ್ಕೇ ಆ ಫಜೀತಿ ಆಯಿತು. ಆಳೆತ್ತರದ ಅಕ್ಷರಗಳಲ್ಲಿ ನಾನು ಬರೆದದ್ದು "ಕನ್ನಡವೇ ಪ್ರಥಮ ಬಾಷೆ". ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣಕ್ಕೆ ಮೊದಲೇ ಪ್ರಾಣ ಕಡಿಮೆ. ಬೆಳಗ್ಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಮ್ಮ ಪರಾಕ್ರಮ ನೋಡುತ್ತಿದ್ದೆವು. ಧೋತರ, ಕರಿ ಟೋಪಿಯ ನಿವೃತ್ತ ಮಾಸ್ತರರೊಬ್ಬರು ವಾಕಿಂಗ್ ಬಂದವರು ಗೋಡೆಯ ಮುಂದೆ ನಿಂತರು.

"ಯಾರ್ರಪಾ ಬರದವರು?"

"ನಾವ ಸರ."

"ಕನ್ನಡಾ ಉಳಸಾಕ ಹೊಂಟೀರಿ, ಛಲೋ ಆತು. ಭಾಷಾದ ಹೊಟ್ಟಿ ಸೀಳೂದು ಮರತೀರಲ್ಲೋ ತಮ್ಮಾ!"

ಹೋಟೆಲಿನ ಒಲೆಯ ಬಾಯಿಂದ ಒಂದು ಇದ್ದಿಲು ತಾವೇ ಆರಿಸಿಕೊಂಡು, ಬ ಅಕ್ಷರದ ಕೆಳಗೆ ಗೇಣುದ್ದ ಗೀಟು ಎಳೆದು, ಕೈ ಝಾಡಿಸಿ ಹೋದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಆ ರಾತ್ರಿಗಳಲ್ಲಿ ಬಕೀಟು ಹಿಡಿಯುತ್ತಿದ್ದವನು ನನ್ನ ರೂಮಿನ ಗೆಳೆಯ, ಸವಣೂರಿನವನು, ಉರ್ದು ಶಾಲೆಯಲ್ಲಿ ಕಲಿತವನು. ಒಮ್ಮೆ ಕುಂಚ ತೊಳೆಯುತ್ತ ಕೇಳಿದ: "ಅಲ್ಲಲೇ, ನಮ್ಮ ತಂಗಿಗೆ ಕನ್ನಡಾನ ಮೊದಲನೇದು ಅಂದ್ರ, ಮನ್ಯಾಗ ಮಾತಾಡೂ ಉರ್ದು ಎಷ್ಟನೇದು?" ನಾನು ಗೋಡೆ ಮೇಲಿನದ್ದನ್ನೇ ಬಾಯಿಪಾಠ ಒಪ್ಪಿಸಿದೆ. ಅವನು ಸುಮ್ಮನಾದ. ಮರುರಾತ್ರಿ ಮತ್ತೆ ಬಕೀಟು ಹಿಡಿದು ಬಂದ. ಕನ್ನಡ ಬೇಡವೆಂದು ಅವನು ಹೇಳಿರಲಿಲ್ಲ, ಕೇಳಿದ್ದು ಲೆಕ್ಕ. ಸಂಸ್ಕೃತವನ್ನೇ ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡದ ಗಾಳಿಯೇ ಇಲ್ಲದೆ ಪಾಸಾಗುವವರ ಮೇಲೆ ನಮಗಿದ್ದ ಸಿಟ್ಟು ನ್ಯಾಯವಾದದ್ದೇ. ಅದೇ ಕೋಲಿನಿಂದ ಅವನ ತಂಗಿಯನ್ನೂ ಅಳೆದೆವಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ.

ಆಮೇಲೆ ಡಾ. ರಾಜ್‌ಕುಮಾರ್ ಚಳವಳಿಗೆ ಇಳಿದರು. ನಮ್ಮ ಗೋಡೆಗಳನ್ನು ಕೇಳುವವರಿರಲಿಲ್ಲ. ನಾವು ತಿಂಗಳುಗಟ್ಟಲೆ ಅಂಟು ಕುದಿಸಿ ಕೂಡಿಸಿದ ಜನಕ್ಕಿಂತ ಅವರು ಬರುತ್ತಾರಂತೆ ಎಂಬ ಸುದ್ದಿಗೆ ಕೂಡಿದ ಜನ ಹೆಚ್ಚು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸರ್ಕಾರ ಮಣಿದು ಆದೇಶ ಹೊರಡಿಸಿತು. 1983ರ ಜನವರಿಯಲ್ಲಿ ಗುಂಡೂರಾವ್ ಅಧಿಕಾರವನ್ನೇ ಕಳೆದುಕೊಂಡರು. ಆದೇಶ ಕೋರ್ಟು ಹತ್ತಿತು, 1989ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ನಾನು ನೌಕರಿ ಹಿಡಿದು ಬೇರೆ ಊರಿನಲ್ಲಿದ್ದೆ. ಸುದ್ದಿ ಓದಿದ ದಿನ ಸವಣೂರಿನ ಗೆಳೆಯನಿಗೆ ಕಾಗದ ಬರೆಯಬೇಕು ಅಂದುಕೊಂಡು ಬರೆಯಲಿಲ್ಲ.

ಆ ಗೋಡೆಯ ವಿಷಯ ಉಳಿಯಿತು. 1982ರ ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ನಮ್ಮ ಹುರಮಂಜು ಒಂದಿಷ್ಟೂ ಕದಲಲಿಲ್ಲ, ಅಂಟು ಅಷ್ಟು ಹದವಾಗಿತ್ತು. ತೊಳೆದುಹೋದದ್ದು ಮಾಸ್ತರರ ಇದ್ದಿಲ ಗೀಟು ಮಾತ್ರ. ದೀಪಾವಳಿಗೆ ಮನೆಯವರು ಸುಣ್ಣ ಹೊಡೆಸುವವರೆಗೂ ಆ ರಸ್ತೆಯಲ್ಲಿ ಕನ್ನಡವೇ ಪ್ರಥಮ ಬಾಷೆಯಾಗಿತ್ತು. ನಾನು ಕಾಲೇಜಿಗೆ ಇನ್ನೊಂದು ಓಣಿಯಿಂದ ಹೋಗುತ್ತಿದ್ದೆ.