ಗೆದ್ದ ಪಂದ್ಯವನ್ನು ಚರ್ಚಿಸುವುದು ಹೇಗೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅಭಿಮಾನಿಗಳಿಗೊಂದು ಕೈಪಿಡಿ

2019ರ ಏಪ್ರಿಲ್ 6ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಆಬರ್ನ್ ತಂಡವನ್ನು 63–62ರಿಂದ ಸೋಲಿಸಿತು. ಆಟ ಮುಗಿಯಲು ಸುಮಾರು ಐದು ನಿಮಿಷ ಉಳಿದಿದ್ದಾಗ ವರ್ಜೀನಿಯಾ ಹತ್ತು ಅಂಕ ಮುಂದಿತ್ತು. ಅಲ್ಲಿಂದಾಚೆಗೆ ಆಬರ್ನ್ ಸತತವಾಗಿ 14 ಅಂಕ ಗಳಿಸಿ 61–57ರಿಂದ ಮುಂದೆ ಹೋಯಿತು. ಕೊನೆಯ ಏಳೆಂಟು ಸೆಕೆಂಡುಗಳಲ್ಲಿ ವರ್ಜೀನಿಯಾದ ಕೈಲ್ ಗೈ ಒಂದು ಮೂರಂಕದ ಶಾಟ್ (ದೂರದ ಗೆರೆಯಾಚೆಯಿಂದ ಎಸೆದು ಪಡೆಯುವ ಮೂರು ಅಂಕ) ಹಾಕಿದರು, ಆಬರ್ನ್ ಇನ್ನೊಂದು ಅಂಕ ಸೇರಿಸಿತು, ಗಡಿಯಾರದಲ್ಲಿ 0.6 ಸೆಕೆಂಡ್ ಉಳಿದಿದ್ದಾಗ ಇನ್ನೊಂದು ಮೂರಂಕದ ಶಾಟ್ ಎಸೆಯುವಾಗ ಅವರ ಮೇಲೆ ಫೌಲ್ ಆಯಿತು, ಮತ್ತು ಅದರಿಂದ ಸಿಕ್ಕ ಮೂರೂ ಫ್ರೀ ಥ್ರೋಗಳನ್ನು (ಯಾರೂ ಅಡ್ಡಬರದೆ ಎಸೆಯುವ, ತಲಾ ಒಂದಂಕದ ಎಸೆತಗಳನ್ನು) ಅವರು ಬುಟ್ಟಿಗೆ ಹಾಕಿದರು. ಗೆಲುವು ವರ್ಜೀನಿಯಾದ್ದಾಯಿತು, ಆದರೆ ಅದರ ಅಭಿಮಾನಿಗಳು ಅಂದು ರಾತ್ರಿಯೇ ಎರಡು ಪಾಳೆಯವಾದರು: ಇದು ಧೈರ್ಯದ ತಂಡ ಎಂದು ಒಬ್ಬರು, ಕೈಗೆ ಬಂದ ಪಂದ್ಯವನ್ನು ಕಳೆದುಕೊಂಡು ಅದೃಷ್ಟದಿಂದ ಮರಳಿ ಪಡೆದ ತಂಡ ಎಂದು ಇನ್ನೊಬ್ಬರು.

ಸೋತಾಗ ನಡೆಯುವ ಚರ್ಚೆಗಿಂತ ಗೆದ್ದಾಗ ನಡೆಯುವ ಚರ್ಚೆ ಕಷ್ಟದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಸೋಲು ತಪ್ಪುಗಳನ್ನು ಎತ್ತಿ ತೋರಿಸುತ್ತದೆ, ಗೆಲುವು ಅವುಗಳನ್ನು ಮುಚ್ಚಿಡುತ್ತದೆ. ಮಕ್ಕಳ ಓದಿನ ನೆಪದಲ್ಲೋ ತಮ್ಮದೇ ಉನ್ನತ ವ್ಯಾಸಂಗದ ನೆಪದಲ್ಲೋ ಅಮೆರಿಕದ ಒಂದು ಕಾಲೇಜು ತಂಡಕ್ಕೆ ಮನಸ್ಸು ಕೊಟ್ಟ ಕನ್ನಡಿಗರು ಇಂಥ ಚರ್ಚೆಗೆ ಕೂತಾಗ ಯಾವುದನ್ನು ಮೊದಲು ನೋಡಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲನೆಯದಾಗಿ, ಒಟ್ಟು ಅಂಕಗಳನ್ನು ನೋಡಿ ತೀರ್ಪು ಕೊಡಬೇಡಿ, ಪೊಸೆಶನ್‌ಗಳನ್ನು ಎಣಿಸಿ. ಚೆಂಡು ಒಂದು ತಂಡದ ಕೈಗೆ ಬಂದಾಗಿನಿಂದ ಎದುರಾಳಿಯ ಕೈಗೆ ಹೋಗುವವರೆಗಿನ ಅವಧಿಯೇ ಒಂದು ಪೊಸೆಶನ್. ಕ್ರಿಕೆಟ್ಟಿನಲ್ಲಿ 180 ರನ್ ಎಂದ ಕೂಡಲೇ ಎಷ್ಟು ಓವರಿನಲ್ಲಿ ಎಂದು ನಾವು ಕೇಳುತ್ತೇವಲ್ಲ, ಹಾಗೆಯೇ ಇಲ್ಲಿಯೂ 63 ಅಂಕ ಎಂದರೆ ಎಷ್ಟು ಪೊಸೆಶನ್‌ಗಳಲ್ಲಿ ಎಂದು ಕೇಳಬೇಕು. ಪುರುಷರ ಕಾಲೇಜು ಪಂದ್ಯ 20 ನಿಮಿಷಗಳ ಎರಡು ಅವಧಿಗಳದ್ದು, ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಶಾಟ್ ಎಸೆಯಲೇಬೇಕಾದ ಕಾಲಮಿತಿ, 2015–16ರ ಋತುವಿನಿಂದ 30 ಸೆಕೆಂಡಿನದು. ಆ ಮಿತಿಯೊಳಗೆ ಒಂದು ತಂಡ ಹತ್ತು ಸೆಕೆಂಡಿನಲ್ಲೇ ಗುರಿಯಿಡಬಹುದು, ಇನ್ನೊಂದು ಇಪ್ಪತ್ತೈದು ಸೆಕೆಂಡ್ ಕಾಯಬಹುದು. ಟೋನಿ ಬೆನೆಟ್ ತರಬೇತಿಯ ವರ್ಜೀನಿಯಾ ದೇಶದ ಅತಿ ನಿಧಾನಗತಿಯ ತಂಡಗಳಲ್ಲೊಂದಾಗಿತ್ತು. ಅದರ ಕಡಿಮೆ ಅಂಕಗಳನ್ನು ಕಂಡು ಈ ತಂಡಕ್ಕೆ ಅಂಕ ಗಳಿಸಲು ಬರುವುದಿಲ್ಲ ಎಂದವರು ಬಹಳ ಜನ. ಆದರೆ ಪ್ರತಿ ಪೊಸೆಶನ್ನಿನ ಲೆಕ್ಕ ಹಾಕಿದರೆ 2018–19ರಲ್ಲಿ ಅದರ ಆಕ್ರಮಣ ದೇಶದ ಅತ್ಯುತ್ತಮ ತಂಡಗಳ ಸಾಲಿನಲ್ಲೇ ಇತ್ತು. ಈ ಬಗೆಯ ಲೆಕ್ಕ ಹೊಸದಲ್ಲ. ನಾರ್ತ್ ಕ್ಯಾರೊಲೈನಾದ ಪ್ರಸಿದ್ಧ ಕೋಚ್ ಡೀನ್ ಸ್ಮಿತ್ ಗಣಕಯಂತ್ರಗಳ ಕಾಲಕ್ಕೆ ಎಷ್ಟೋ ಮೊದಲೇ ಇದನ್ನು ಬಳಸುತ್ತಿದ್ದರು.

ಲೆಕ್ಕ ಹಾಕಲು ಪಂದ್ಯದ ಬಾಕ್ಸ್ ಸ್ಕೋರ್, ಅಂದರೆ ಅಂಕಿ ಅಂಶಗಳ ಪಟ್ಟಿ, ಸಾಕು. ತಂಡ ಎಸೆದ ಒಟ್ಟು ಶಾಟ್‌ಗಳಿಂದ ಅದು ಪಡೆದ ಆಕ್ರಮಣದ ರೀಬೌಂಡ್‌ಗಳನ್ನು (ತನ್ನದೇ ಶಾಟ್ ಗುರಿ ತಪ್ಪಿದಾಗ ಮತ್ತೆ ಕೈಗೆ ಪಡೆದ ಚೆಂಡುಗಳನ್ನು) ಕಳೆಯಿರಿ, ಟರ್ನೋವರ್‌ಗಳನ್ನು (ಶಾಟ್ ಎಸೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟ ಸಲಗಳನ್ನು) ಕೂಡಿಸಿ, ಫ್ರೀ ಥ್ರೋ ಯತ್ನಗಳ ಸಂಖ್ಯೆಯನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. ಒಂದು ತಂಡ 58 ಶಾಟ್ ಎಸೆದಿದೆ, 9 ಆಕ್ರಮಣದ ರೀಬೌಂಡ್ ಪಡೆದಿದೆ, 10 ಟರ್ನೋವರ್ ಮಾಡಿದೆ, 16 ಫ್ರೀ ಥ್ರೋ ಎಸೆದಿದೆ ಎಂದಿಟ್ಟುಕೊಳ್ಳೋಣ. ಆಗ ಸುಮಾರು 67 ಪೊಸೆಶನ್ ಆಗುತ್ತದೆ. ಅಷ್ಟರಲ್ಲಿ ಅದು 72 ಅಂಕ ಗಳಿಸಿದ್ದರೆ ಪೊಸೆಶನ್ನಿಗೆ ಸುಮಾರು 1.08 ಅಂಕವಾಯಿತು, ಅಂದರೆ ಆಕ್ರಮಣ ಚೆನ್ನಾಗಿಯೇ ನಡೆದಿದೆ. ಅದೇ 72 ಅಂಕ 80 ಪೊಸೆಶನ್‌ಗಳಲ್ಲಿ ಬಂದಿದ್ದರೆ 0.9 ಮಾತ್ರ, ಆಗ ಗೆಲುವಿನ ಶ್ರೇಯಸ್ಸನ್ನು ರಕ್ಷಣೆಗೆ ಕೊಡಬೇಕು.

ಇದಾದ ಮೇಲೆ ಆ ಅಂಕಗಳು ಬಂದದ್ದು ಯಾವ ದಾರಿಯಿಂದ ಎಂದು ನೋಡಬೇಕು. ಸಂಖ್ಯಾಶಾಸ್ತ್ರಜ್ಞ ಡೀನ್ ಆಲಿವರ್ ಗೆಲುವಿನ ಹಿಂದೆ ನಾಲ್ಕು ಅಂಶಗಳಿವೆ ಎಂದು ಗುರುತಿಸಿ, ಶಾಟ್‌ಗಳ ಫಲಕ್ಕೆ ಸುಮಾರು 40, ಟರ್ನೋವರ್‌ಗೆ 25, ಆಕ್ರಮಣದ ರೀಬೌಂಡಿಗೆ 20, ಫ್ರೀ ಥ್ರೋಗೆ 15 ಎಂದು ನೂರಕ್ಕೆ ಹಂಚಿದರು. ಶಾಟ್‌ಗಳ ಫಲವನ್ನು ಅಳೆಯುವಾಗ ಮೂರಂಕದ ಶಾಟನ್ನು ಒಂದೂವರೆ ಶಾಟೆಂದು ಎಣಿಸಬೇಕು: ಮೇಲಿನ ತಂಡ 58ರಲ್ಲಿ 26 ಶಾಟ್ ಹಾಕಿ ಅವುಗಳಲ್ಲಿ 8 ಮೂರಂಕದವಾಗಿದ್ದರೆ 26ಕ್ಕೆ 4 ಸೇರಿಸಿ 58ರಿಂದ ಭಾಗಿಸಿದಾಗ ಸುಮಾರು ಶೇ 52 ಬರುತ್ತದೆ. ನಾಲ್ಕನ್ನೂ ಎರಡೂ ತಂಡಗಳಿಗೆ ಹಾಕಿ ಪಕ್ಕಪಕ್ಕ ಇಟ್ಟರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ, ಏಕೆಂದರೆ ‘ಹುಡುಗರಿಗೆ ಛಲವಿರಲಿಲ್ಲ’ ಎಂದು ಗಟ್ಟಿ ದನಿಯಲ್ಲಿ ಹೇಳುವವರು ನಿಜವಾಗಿ ನೋಡಿರುವುದು ಆರೇಳು ಟರ್ನೋವರ್‌ಗಳನ್ನು ಮಾತ್ರ ಎಂಬುದು ಆಗ ಗೊತ್ತಾಗುತ್ತದೆ.

ಈ ನಾಲ್ಕರಲ್ಲಿ ಒಂದು ದೌರ್ಬಲ್ಯ ಗೆಲುವಿನ ಮರೆಯಲ್ಲಿ ಇಡೀ ಋತು ಅಡಗಿ ಕೂರಬಲ್ಲದು ಎಂಬುದಕ್ಕೆ 2007–08ರ ಮೆಂಫಿಸ್ ತಂಡಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಜಾನ್ ಕ್ಯಾಲಿಪಾರಿ ತರಬೇತಿಯ ಆ ತಂಡ ಫೈನಲ್‌ಗೆ ಬಂದಾಗ 38 ಗೆಲುವು, ಒಂದೇ ಸೋಲು. ಅದರ ಫ್ರೀ ಥ್ರೋ ಕಳಪೆಯೆಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಗೆಲ್ಲುತ್ತಲೇ ಇದ್ದುದರಿಂದ ಆ ಮಾತೆತ್ತಿದವರು ಕೊಂಕು ಹುಡುಕುವವರಂತೆ ಕಂಡರು. ಫೈನಲ್‌ನಲ್ಲಿ ಕ್ಯಾನ್ಸಸ್ ವಿರುದ್ಧ ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಒಂಬತ್ತು ಅಂಕ ಮುಂದಿದ್ದ ಮೆಂಫಿಸ್, ಕೊನೆಯ ಒಂದೂಕಾಲು ನಿಮಿಷದಲ್ಲಿ ಐದು ಫ್ರೀ ಥ್ರೋಗಳಲ್ಲಿ ನಾಲ್ಕನ್ನು ಕಳೆದುಕೊಂಡಿತು. ಕ್ಯಾನ್ಸಸ್‌ನ ಮಾರಿಯೊ ಚಾಲ್ಮರ್ಸ್ 2.1 ಸೆಕೆಂಡ್ ಉಳಿದಿರುವಾಗ ಹಾಕಿದ ಮೂರಂಕದಿಂದ ಪಂದ್ಯ ಸಮವಾಗಿ, ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ 75–68ರಿಂದ ಗೆದ್ದಿತು. ಆದ್ದರಿಂದ ಗೆದ್ದ ದಿನ ಯಾರಾದರೂ ಸಣ್ಣ ದೋಷವೊಂದನ್ನು ಎತ್ತಿ ಹೇಳಿದರೆ ಅವರ ಬಾಯಿ ಮುಚ್ಚಿಸಬೇಡಿ. ಆ ದೋಷ ಹಿಂದಿನ ಪಂದ್ಯಗಳಲ್ಲೂ ಇತ್ತೇ ಎಂದು ಮಾತ್ರ ಕೇಳಿ.

ಮುಂದಿನ ಕೆಲಸ, ಪಂದ್ಯವನ್ನು ತುಂಡುತುಂಡಾಗಿ ನೋಡುವುದು. 2022ರ ಫೈನಲ್‌ನಲ್ಲಿ ಕ್ಯಾನ್ಸಸ್ ವಿರಾಮದ ಹೊತ್ತಿಗೆ 25–40ರಿಂದ ಹಿಂದಿತ್ತು, ಕೊನೆಗೆ ನಾರ್ತ್ ಕ್ಯಾರೊಲೈನಾವನ್ನು 72–69ರಿಂದ ಸೋಲಿಸಿತು. ಒಟ್ಟು ಅಂಕ ನೋಡಿದರೆ ಸಮಬಲದ ಪಂದ್ಯ. ಆದರೆ ಮೊದಲರ್ಧ 15 ಅಂಕಗಳ ಹಿನ್ನಡೆ, ಎರಡನೆಯರ್ಧ 47–29ರ ಮುನ್ನಡೆ. ಇವೆರಡನ್ನೂ ಕೂಡಿಸಿ ಸರಾಸರಿ ಮಾಡಿದರೆ ಕ್ಯಾನ್ಸಸ್ ಏನನ್ನು ಬದಲಾಯಿಸಿತು ಎಂಬ ಮುಖ್ಯ ಪ್ರಶ್ನೆಯೇ ಕಳೆದುಹೋಗುತ್ತದೆ. ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ ಅಂಕ ಬರೆದಿಟ್ಟುಕೊಂಡು, ಆ ಹೊತ್ತಿನಲ್ಲಿ ಅಂಗಳದಲ್ಲಿದ್ದ ಐವರು ಯಾರು ಎಂದೂ ಗುರುತು ಹಾಕಿಕೊಳ್ಳಿ. ಮುಖ್ಯ ಆಟಗಾರನಿಗೆ ನಾಲ್ಕು ಫೌಲ್ ಆಗಿ (ಐದಾದರೆ ಪಂದ್ಯದಿಂದಲೇ ಹೊರಗೆ) ಬೆಂಚಿನಲ್ಲಿ ಕೂತ ಮೂರು ನಿಮಿಷದಲ್ಲೇ ಎದುರಾಳಿ ಹತ್ತಂಕ ಗಳಿಸಿದ್ದರೆ ಅದಕ್ಕೆ ಇಡೀ ತಂಡದ ರಕ್ಷಣೆಯನ್ನು ದೂರುವುದು ಸರಿಯಲ್ಲ. ಗೆಲುವು ಖಚಿತವಾದ ಮೇಲೆ ಹೊಸಬರು ಆಡಿದ ಕೊನೆಯ ನಿಮಿಷಗಳನ್ನು ಲೆಕ್ಕದಿಂದ ಬಿಟ್ಟುಬಿಡಬಹುದು.

ಅದೃಷ್ಟದ ಮಾತಿಗೆ ಬಂದಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆ ಪದವನ್ನು ನಾವು ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸುತ್ತೇವೆ. ಆಬರ್ನ್ ಪಂದ್ಯಕ್ಕೆ ಒಂದು ವಾರ ಮೊದಲು ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಕಾರ್ಸನ್ ಎಡ್ವರ್ಡ್ಸ್ ವರ್ಜೀನಿಯಾದ ಮೇಲೆ ಹತ್ತು ಮೂರಂಕದ ಶಾಟ್ ಸಹಿತ 42 ಅಂಕ ಗಳಿಸಿದರು. ವರ್ಜೀನಿಯಾ ಹೆಚ್ಚುವರಿ ಅವಧಿಯಲ್ಲಿ 80–75ರಿಂದ ಗೆದ್ದರೂ, ಬೆನೆಟ್ ಅವರ ತಂದೆ ಡಿಕ್ ಬೆನೆಟ್ ರೂಪಿಸಿದ ಪ್ಯಾಕ್ ಲೈನ್ ರಕ್ಷಣೆ ಕುಸಿಯಿತು ಎಂಬ ಆತಂಕ ಹುಟ್ಟಿತು. ಆ ಪದ್ಧತಿಯಲ್ಲಿ ಚೆಂಡಿರುವವನ ಮೇಲೆ ಒಬ್ಬ ಒತ್ತಡ ಹಾಕುತ್ತಾನೆ, ಉಳಿದ ನಾಲ್ವರು ಬುಟ್ಟಿಯಿಂದ ಸುಮಾರು 16 ಅಡಿ ದೂರದ ಕಾಲ್ಪನಿಕ ಗೆರೆಯ ಒಳಗೆ ಸೇರಿ ಒಳನುಗ್ಗುವ ದಾರಿಯನ್ನು ಮುಚ್ಚುತ್ತಾರೆ. ದೂರದ ಶಾಟ್‌ಗೆ ಸ್ವಲ್ಪ ಅವಕಾಶ ಕೊಡುವುದು ಅದರೊಳಗೇ ಇರುವ ಒಪ್ಪಂದ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಮೂರಂಕ ಬಿದ್ದವು ಎಂಬುದಲ್ಲ, ಯಾವ ಬಗೆಯ ಶಾಟ್‌ಗಳನ್ನು ಎಸೆಯಲು ಬಿಟ್ಟರು ಎಂಬುದು. ಎದುರಾಳಿಯ ಮೂರಂಕದ ಯತ್ನಗಳ ಸಂಖ್ಯೆಯ ಮೇಲೆ ರಕ್ಷಣೆಗಿರುವ ಹಿಡಿತ, ಅವು ಬೀಳುವ ಪ್ರಮಾಣದ ಮೇಲೆ ಅಷ್ಟಿಲ್ಲ ಎಂದು ಕಾಲೇಜು ಅಂಕಿ ಅಂಶಗಳ ಲೆಕ್ಕಿಗ ಕೆನ್ ಪೊಮರಾಯ್ ಬಹಳ ಹಿಂದೆಯೇ ವಾದಿಸಿದ್ದಾರೆ. ಮೈಮೇಲೆ ಬಿದ್ದ ರಕ್ಷಕನ ಕೈಯ ಮೇಲಿಂದ, ಮೂರಂಕದ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಎಡ್ವರ್ಡ್ಸ್ ಎಸೆದ ಚೆಂಡು ಬಿದ್ದರೆ ಅದು ಅವರ ಪ್ರತಿಭೆಯೇ ಹೊರತು ರಕ್ಷಕನ ತಪ್ಪಲ್ಲ.

ಅದೇ ಪರ್ಡ್ಯೂ ಪಂದ್ಯದಲ್ಲಿ ವರ್ಜೀನಿಯಾ ಉಳಿದುಕೊಂಡದ್ದೂ ಒಂದು ನಂಬಲಾಗದ ಕ್ಷಣದಿಂದ. ಅದರ ಆಟಗಾರ ಟೈ ಜೆರೋಮ್ ಎಸೆದು ಗುರಿ ತಪ್ಪಿದ ಫ್ರೀ ಥ್ರೋವನ್ನು ಜೊತೆಗಾರ ಮಮಾಡಿ ಡಿಯಾಕಿಟೆ ಹಿಂದಕ್ಕೆ ತಟ್ಟಿದರು, ತಮ್ಮ ಅರ್ಧದ ಅಂಗಳಕ್ಕೆ ಉರುಳಿದ ಚೆಂಡನ್ನು ಕಿಹೆ ಕ್ಲಾರ್ಕ್ ಓಡಿ ಹಿಡಿದು ಉದ್ದಕ್ಕೆ ಎಸೆದರು, ಡಿಯಾಕಿಟೆ ಗಂಟೆ ಬಾರಿಸುವ ಮುನ್ನ ಶಾಟ್ ಹಾಕಿ 70–70 ಮಾಡಿದರು. ಇದರಲ್ಲಿ ಅದೃಷ್ಟವೆಷ್ಟು? ಚೆಂಡು ಉರುಳಿದ ದಿಕ್ಕು ಅದೃಷ್ಟ. ಆದರೆ ತಾನೇ ಎಸೆದುಬಿಡಬೇಕೆಂಬ ಆಸೆಯನ್ನು ತಡೆದು, ಮೊದಲ ವರ್ಷದ ಹುಡುಗನೊಬ್ಬ ಸರಿಯಾದವನಿಗೆ ಪಾಸ್ ಕೊಟ್ಟದ್ದು ಅದೃಷ್ಟವಲ್ಲ. ಗೈ ಹಾಕಿದ ಮೂರು ಫ್ರೀ ಥ್ರೋಗಳನ್ನೂ ಹೀಗೆಯೇ ತೂಗಬಹುದು: ನೂರಕ್ಕೆ ಎಂಬತ್ತು ಹಾಕುವ ಆಟಗಾರ ಮೂರನ್ನೂ ಸಾಲಾಗಿ ಹಾಕುವ ಸಾಧ್ಯತೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ಆ ಗೆಲುವು ಪವಾಡವೂ ಅಲ್ಲ, ಖಚಿತವೂ ಅಲ್ಲ, ನಾಣ್ಯ ಚಿಮ್ಮುವ ಲೆಕ್ಕದ್ದು.

ತೀರ್ಪುಗಾರರ ವಿಷಯವನ್ನು ಚರ್ಚೆಯ ಕೊನೆಗೆ ಇಡುವುದು ಒಳ್ಳೆಯದು. ಆಬರ್ನ್ ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಜೆರೋಮ್ ಕೈತಪ್ಪಿದ ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿದು ಮತ್ತೆ ಪುಟಿಸಿದ್ದು ಮರುಪ್ರಸಾರದಲ್ಲಿ ಕಾಣುತ್ತದೆ. ಡಬಲ್ ಡ್ರಿಬಲ್ ಎಂಬ ಆ ತಪ್ಪಿಗೆ ತೀರ್ಪುಗಾರರು ಸೀಟಿ ಊದಲಿಲ್ಲ. ಗೆದ್ದ ತಂಡದ ಅಭಿಮಾನಿಗಳು ಇದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ, ಅದು ನಲವತ್ತು ನಿಮಿಷಗಳ ಆಟದಲ್ಲಿ ಒಂದು ತೀರ್ಪು, ಎರಡೂ ಕಡೆ ಬಿಟ್ಟುಹೋದ ತೀರ್ಪುಗಳು ಇನ್ನೂ ಇವೆ ಎಂದು ಹೇಳುವ ಹಕ್ಕು ಅವರಿಗೆ ಬರುತ್ತದೆ.

ಎದುರಾಳಿಯ ಬಲವನ್ನೂ ಆಡಿದ ಸ್ಥಳವನ್ನೂ ಮರೆಯದಿರಿ. ಟೂರ್ನಿಗೆ ತಂಡಗಳನ್ನು ಆರಿಸುವ ಸಮಿತಿ 2018–19ರಿಂದ ಬಳಸುತ್ತಿರುವ ನೆಟ್ (NET) ಎಂಬ ತಂಡಗಳ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ ದರ್ಜೆಯ ಗೆಲುವೆಂದರೆ ಸ್ವಂತ ಅಂಗಳದಲ್ಲಾದರೆ ಮೊದಲ 30ರೊಳಗಿನ ತಂಡದ ಮೇಲೆ, ತಟಸ್ಥ ಅಂಗಳದಲ್ಲಾದರೆ 50ರೊಳಗಿನ, ಪರರ ಅಂಗಳದಲ್ಲಾದರೆ 75ರೊಳಗಿನ ತಂಡದ ಮೇಲೆ ಪಡೆದದ್ದು. ಈ ಒಂದೇ ಅಳತೆಯಿಂದ ಪರಸ್ಥಳದ ಗೆಲುವು ಎಷ್ಟು ದುಬಾರಿ ಎಂಬುದು ತಿಳಿಯುತ್ತದೆ.

ಆಟಗಾರರ ಬಗ್ಗೆ ಮಾತಾಡುವ ರೀತಿಯ ಮೇಲೆ ಸ್ವಲ್ಪ ನಿಲ್ಲಲೇಬೇಕು. ಇವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಗಳು. 2018ರ ಮಾರ್ಚ್ 16ರಂದು ಶಾರ್ಲೆಟ್ ನಗರದಲ್ಲಿ ಇದೇ ವರ್ಜೀನಿಯಾ, ಟೂರ್ನಿಯ ಅಗ್ರ ಶ್ರೇಯಾಂಕದ ತಂಡವಾಗಿದ್ದೂ, ತನ್ನ ವಿಭಾಗದ ಕೊನೆಯ, ಅಂದರೆ 16ನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿ) ತಂಡದ ಎದುರು 54–74ರಿಂದ ಸೋತಿತ್ತು. ಪುರುಷರ ಟೂರ್ನಿಯಲ್ಲಿ ಹಾಗಾದದ್ದು ಅದೇ ಮೊದಲು. ಆ ಸೋಲಿನ ನಂತರ ತನ್ನನ್ನು ಕಾಡಿದ ಆತಂಕದ ಬಗ್ಗೆ ಕೈಲ್ ಗೈ ಬಹಿರಂಗವಾಗಿ ಬರೆದರು. ಆದ್ದರಿಂದ ಟೀಕಿಸುವಾಗ ಆಟವನ್ನು ಹೆಸರಿಸಿ, ವ್ಯಕ್ತಿಯನ್ನಲ್ಲ. ‘ಎಡಗಡೆಯ ಸ್ಕ್ರೀನ್ ದಾಟುವಾಗ ಮೂರು ಸಲ ತಡವಾದರು’ ಎಂಬುದು ವಿಮರ್ಶೆ (ಸ್ಕ್ರೀನ್ ಎಂದರೆ ರಕ್ಷಕನ ದಾರಿಗೆ ಎದುರಾಳಿ ಅಡ್ಡವಾಗಿ ನಿಲ್ಲುವುದು). ‘ಅವನು ಈ ಮಟ್ಟಕ್ಕೆ ಲಾಯಕ್ಕಲ್ಲ’ ಎಂಬುದು ಯಾರಿಗೂ ಏನನ್ನೂ ಕಲಿಸದ ಮಾತು. ಮೊದಲನೆಯದನ್ನು ಹೇಳಬೇಕಾದರೆ ಪಂದ್ಯವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ, ಅದಕ್ಕಾಗಿಯೇ ಅದನ್ನು ಹೇಳುವವರು ಕಡಿಮೆ.

ಕೊನೆಯದಾಗಿ, ನಿಮ್ಮ ವಾದವನ್ನು ಮುಂದಿನ ಪಂದ್ಯ ಪರೀಕ್ಷಿಸಬಲ್ಲ ರೂಪದಲ್ಲಿ ಬರೆದಿಟ್ಟು, ದಿನಾಂಕ ಹಾಕಿ. ಆಬರ್ನ್ ಪಂದ್ಯದ ರಾತ್ರಿ ಎರಡು ವಾದಗಳಿದ್ದವಲ್ಲ, ಅವೆರಡನ್ನೂ ಎರಡೇ ದಿನದಲ್ಲಿ, ಏಪ್ರಿಲ್ 8ರ ಫೈನಲ್ ಪರೀಕ್ಷಿಸಿತು. ಟೆಕ್ಸಸ್ ಟೆಕ್ ವಿರುದ್ಧ ವರ್ಜೀನಿಯಾ ಎರಡನೆಯರ್ಧದಲ್ಲಿ ಮತ್ತೆ ಹತ್ತು ಅಂಕಗಳ ಮುನ್ನಡೆ ಪಡೆಯಿತು, ಮತ್ತೆ ಅದನ್ನು ಕಳೆದುಕೊಂಡು ಕೊನೆಯ ಅರ್ಧ ನಿಮಿಷದಲ್ಲಿ 65–68ರಿಂದ ಹಿಂದೆ ಬಿತ್ತು. ಮುನ್ನಡೆಯನ್ನು ಕಾಪಾಡಿಕೊಳ್ಳಲು ಈ ತಂಡಕ್ಕೆ ಬರುವುದಿಲ್ಲ ಎಂದವರ ಮಾತು ನಿಜವಾಯಿತು. ಆಗ ಡಿಆಂಡ್ರೆ ಹಂಟರ್ ಮೂಲೆಯಿಂದ ಮೂರಂಕ ಹಾಕಿ ಪಂದ್ಯವನ್ನು ಸಮಮಾಡಿದರು, ಹೆಚ್ಚುವರಿ ಐದು ನಿಮಿಷಗಳಲ್ಲಿ ವರ್ಜೀನಿಯಾ ಎಸೆದ ಹನ್ನೆರಡು ಫ್ರೀ ಥ್ರೋಗಳಲ್ಲಿ ಹನ್ನೆರಡನ್ನೂ ಹಾಕಿತು, 85–77ರಿಂದ ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಇದು ಧೈರ್ಯದ ತಂಡ ಎಂದವರ ಮಾತೂ ನಿಜವಾಯಿತು.