ಯುರೋಪಿನ ಕ್ಯಾರವಾನ್ ಪ್ರವಾಸಕ್ಕೆ ಯಾವ ಗ್ಯಾಸ್? ಮೈಸೂರಿನ ಒಲೆ ರಿಪೇರಿಯವನೊಬ್ಬನ ಅನುಭವ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡಿಕೊಂಡೇ ನಾನು ಸಂಸಾರ ನಡೆಸಿದವನು. ಮಗಳು ಮದುವೆಯಾಗಿ ಇಂಗ್ಲೆಂಡಿಗೆ ಹೋದಳು. ಅಳಿಯಂದಿರಿಗೆ ಕ್ಯಾರವಾನ್ ಹುಚ್ಚು. ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಒಲೆ, ಫ್ರಿಜ್, ಹೀಟರ್ ಎಲ್ಲಾ ಇರುತ್ತದೆ. ನಾವು ಅಲ್ಲಿಗೆ ಹೋದಾಗಲೆಲ್ಲ ಅದರಲ್ಲೇ ಫ್ರಾನ್ಸ್, ಸ್ಪೇನ್, ಆಸ್ಟ್ರಿಯಾ ಅಂತ ತಿರುಗುತ್ತೇವೆ. "ಮಾವ, ಗ್ಯಾಸ್ ವಿಷಯ ನಿಮ್ಮ ಡಿಪಾರ್ಟ್‌ಮೆಂಟು" ಅಂತ ಅಳಿಯಂದಿರು ಮೊದಲ ಸಲವೇ ನನಗೆ ವಹಿಸಿಬಿಟ್ಟರು.

ಈಗ ಮೈಸೂರು, ಮಂಡ್ಯ ಕಡೆಯಿಂದ ಮಕ್ಕಳನ್ನು ನೋಡಲು ಯುರೋಪಿಗೆ ಹೋಗುವ ಅಪ್ಪ ಅಮ್ಮಂದಿರು ಬೇಕಾದಷ್ಟಿದ್ದಾರೆ. ಮಕ್ಕಳು ಕ್ಯಾರವಾನೋ ಮೋಟಾರ್‌ಹೋಮೋ ಬಾಡಿಗೆಗೆ ತೆಗೆದುಕೊಂಡರೆ ಇವರು ನನಗೆ ಫೋನ್ ಮಾಡುತ್ತಾರೆ. "ಪ್ರೊಪೇನ್ ತಗೊಳ್ಳೋದಾ, ಬ್ಯೂಟೇನ್ ತಗೊಳ್ಳೋದಾ?" ಅಂತ ಕೇಳುತ್ತಾರೆ. ಖಾಲಿಯಾದ ಸಿಲಿಂಡರನ್ನು ಎಲ್ಲಿ ಬದಲಾಯಿಸುತ್ತೀರಿ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಗ್ಯಾಸ್ ಯಾವುದು ನೋಡೋಣ ಅನ್ನುತ್ತೇನೆ.

ನಮ್ಮವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ಯಾಕೆಂದರೆ ನಮ್ಮಲ್ಲಿ ಮನೆ ಬಳಕೆಯ 14.2 ಕಿಲೋ ಸಿಲಿಂಡರ್ ಯಾವ ಕಂಪನಿಯದೇ ಆಗಲಿ, ಮೈಸೂರಿನ ಸರಸ್ವತಿಪುರದಲ್ಲಿ ಕೂರುವ ರೆಗ್ಯುಲೇಟರ್ ಕಾಶ್ಮೀರದ ಶ್ರೀನಗರದಲ್ಲೂ ಕೂರುತ್ತದೆ. ಯುರೋಪಿನಲ್ಲಿ ಹಾಗಿಲ್ಲ. ಒಂದೇ ವೀಸಾದಲ್ಲಿ ಅಷ್ಟೊಂದು ದೇಶ ಸುತ್ತಬಹುದು, ಒಂದೇ ನೋಟು ನಡೆಯುತ್ತದೆ. ಆದರೆ ಗ್ಯಾಸ್ ಸಿಲಿಂಡರಿನ ಬಾಯಿ ಮಾತ್ರ ಗಡಿ ದಾಟಿದ ಕೂಡಲೇ ಬೇರೆಯಾಗುತ್ತದೆ. ಇಂಗ್ಲೆಂಡಿನ ಕ್ಯಾಲರ್ ಅನ್ನುವ ಗ್ಯಾಸ್ ಕಂಪನಿಯ ಸಿಲಿಂಡರನ್ನು ಫ್ರಾನ್ಸಿನ ಬಂಕ್‌ಗೆ ಕೊಟ್ಟರೆ ಅವರು ಮುಟ್ಟುವುದೂ ಇಲ್ಲ. ಫ್ರಾನ್ಸ್ ಒಳಗೇ ಒಂದು ಕಂಪನಿಯ ಖಾಲಿಯನ್ನು ಇನ್ನೊಂದು ಕಂಪನಿಯವರು ಎಲ್ಲ ಕಡೆಯೂ ತೆಗೆದುಕೊಳ್ಳುತ್ತಾರೆ ಅನ್ನುವಂತಿಲ್ಲ. ಸ್ಪೇನಿನಲ್ಲಿ 12.5 ಕಿಲೋದ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್ ಎಲ್ಲೆಲ್ಲೂ ಕಾಣುತ್ತದೆ. ಲಾರಿಯವನು ಬೀದಿಯಲ್ಲಿ ಸಿಲಿಂಡರನ್ನು ಢಣಢಣ ಬಡಿಯುತ್ತಾ ಬರುವುದನ್ನು ಕೇಳಿದಾಗ ನಮ್ಮ ಮನೆಯವರು "ಇದು ನಮ್ಮೂರೇ ಬಿಡಿ" ಅಂದರು. ಆದರೆ ಅಲ್ಲಿ ಮೊದಲ ಸಿಲಿಂಡರ್ ಪಡೆಯಬೇಕಾದರೆ ಕಾಯಿದೆ ಪ್ರಕಾರ ಕಂಪನಿಯ ಜೊತೆ ಕರಾರು ಆಗಬೇಕು. ಪ್ರವಾಸಿಗರಿಗೆ ಅದು ಸುಮ್ನೆ ತಲೆನೋವು.

ಇನ್ನು ಗ್ಯಾಸಿನ ಗುಣ. ಸಿಲಿಂಡರ್ ಒಳಗೆ ಇರುವುದು ದ್ರವ. ಅದು ಕುದಿದು ಆವಿಯಾದರೆ ಮಾತ್ರ ಒಲೆಗೆ ಗ್ಯಾಸ್ ಬರುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ನಮ್ಮ ಮನೆಯ ಸಿಲಿಂಡರಿನಲ್ಲಿ ಇವೆರಡೂ ಬೆರೆತಿರುತ್ತವೆ. ಮೈಸೂರಿನಲ್ಲಿ ಧನುರ್ಮಾಸದ ಬೆಳಗಿನಲ್ಲೂ ಬ್ಯೂಟೇನಿಗೆ ತೊಂದರೆ ಕೊಡುವಷ್ಟು ಚಳಿ ಬೀಳುವುದಿಲ್ಲ. ಹಾಗಾಗಿ ಈ ಪ್ರಶ್ನೆಯೇ ನಮಗೆ ಹುಟ್ಟಿಲ್ಲ.

ಸೊನ್ನೆಯ ಹತ್ತಿರ ಬಂದಾಗ ಮಾತ್ರ ಬ್ಯೂಟೇನ್ ಕೈಕೊಡುತ್ತದೆ ಅಂದುಕೊಳ್ಳಬೇಡಿ. ಹೊರಗೆ ನಾಲ್ಕೈದು ಡಿಗ್ರಿ ಇರುವಾಗಲೇ ಉರಿ ಸಣ್ಣಗಾಗುತ್ತದೆ. ದ್ರವ ಆವಿಯಾಗುವಾಗ ತನ್ನದೇ ಬಿಸಿಯನ್ನು ಕಳೆದುಕೊಳ್ಳುತ್ತದೆ, ಸಿಲಿಂಡರ್ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆ ಹಚ್ಚಿದಾಗ ಸಿಲಿಂಡರಿನ ಮೈಮೇಲೆ ನೀರು ಕೂರುವುದನ್ನು ನೋಡಿರುತ್ತೀರಿ, ಅಲ್ವಾ? ಅದೇ ಇದು. ಹೀಟರ್ ಹಾಕಿ ಗ್ಯಾಸನ್ನು ಜಾಸ್ತಿ ಎಳೆದಷ್ಟೂ ಬ್ಯೂಟೇನ್ ಬೇಗ ಸುಸ್ತಾಗುತ್ತದೆ. ಒಳಗೆ ಅರ್ಧ ಸಿಲಿಂಡರ್ ದ್ರವ ಇದ್ದರೂ ಒಲೆಗೆ ಏನೂ ಬರುವುದಿಲ್ಲ.

ಹಾಗಾದರೆ ಪ್ರೊಪೇನೇ ತಗೊಂಡರಾಯಿತಲ್ಲ ಅನ್ನಬಹುದು. ನಾನೂ ಬಹುಮಟ್ಟಿಗೆ ಅದನ್ನೇ ಹೇಳುತ್ತೇನೆ. ಬ್ಯೂಟೇನಿಗೂ ಒಂದು ಲಾಭ ಇದೆ. ಅದು ಪ್ರೊಪೇನಿಗಿಂತ ಭಾರದ ದ್ರವ, ಹಾಗಾಗಿ ಅದೇ ಅಳತೆಯ ಸಿಲಿಂಡರಿನಲ್ಲಿ ಜಾಸ್ತಿ ಹಿಡಿಸುತ್ತದೆ. 6 ಕಿಲೋ ಪ್ರೊಪೇನ್ ಹಿಡಿಯುವ ಗಾತ್ರದಲ್ಲಿ 7 ಕಿಲೋ ಬ್ಯೂಟೇನ್, 13 ಕಿಲೋ ಪ್ರೊಪೇನ್ ಹಿಡಿಯುವ ಗಾತ್ರದಲ್ಲಿ 15 ಕಿಲೋ ಬ್ಯೂಟೇನ್. ಕಿಲೋ ಲೆಕ್ಕದಲ್ಲಿ ಎರಡೂ ಕೊಡುವ ಶಾಖ ಹೆಚ್ಚುಕಮ್ಮಿ ಒಂದೇ. ಜುಲೈ ತಿಂಗಳಲ್ಲಿ ಸ್ಪೇನಿನ ಕಡಲ ತೀರಕ್ಕೆ ಹೋಗುವವರು ಬ್ಯೂಟೇನ್ ತೆಗೆದುಕೊಂಡರೆ ಏನೂ ನಷ್ಟವಿಲ್ಲ. ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್, ಅಕ್ಟೋಬರ್‌ನಲ್ಲಿ ಆಲ್ಪ್ಸ್ ಅಂದರೆ ಎರಡನೇ ಮಾತಿಲ್ಲ, ಪ್ರೊಪೇನ್. ನಾರ್ವೆ, ಸ್ವೀಡನ್ ಕಡೆ ನೀವು ಕೇಳದಿದ್ದರೂ ಸಿಗುವುದು ಅದೇ.

ಬಣ್ಣ ನೋಡಿ ಮೋಸ ಹೋಗಬೇಡಿ. ಇಂಗ್ಲೆಂಡಿನ ಕ್ಯಾಲರ್‌ನಲ್ಲಿ ಕೆಂಪು ಅಂದರೆ ಪ್ರೊಪೇನ್, ನೀಲಿ ಅಂದರೆ ಬ್ಯೂಟೇನ್. ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸ್ ಕಡೆ ಹೋದರೆ ಬಣ್ಣ ಕಂಪನಿಯ ಗುರುತು ಅಷ್ಟೆ. ಸಿಲಿಂಡರ್ ಮೇಲೆ ಏನು ಬರೆದಿದೆ ಅಂತ ಓದಬೇಕು.

ರೆಗ್ಯುಲೇಟರ್ ವಿಷಯಕ್ಕೆ ಬಂದರೆ ನನಗೆ ಖುಷಿ. ಹಳೆಯ ಇಂಗ್ಲಿಷ್ ಕ್ಯಾರವಾನ್‌ಗಳಲ್ಲಿ ಬ್ಯೂಟೇನಿಗೆ 28 ಮಿಲಿಬಾರ್ (ಗ್ಯಾಸಿನ ಒತ್ತಡದ ಅಳತೆ ಇದು), ಪ್ರೊಪೇನಿಗೆ 37 ಮಿಲಿಬಾರ್ ಅಂತ ಎರಡು ಬೇರೆ ರೆಗ್ಯುಲೇಟರ್ ಇಟ್ಟುಕೊಳ್ಳಬೇಕಿತ್ತು. ಜರ್ಮನಿಯ ಹಳೆಯ ಗಾಡಿಗಳಲ್ಲಿ 50 ಮಿಲಿಬಾರ್ ಒಲೆಗಳು. 2003ರ ಆಸುಪಾಸಿನಿಂದ ಹೊಸ ಕ್ಯಾರವಾನ್‌ಗಳಲ್ಲಿ 30 ಮಿಲಿಬಾರ್ ರೆಗ್ಯುಲೇಟರನ್ನು ಗೋಡೆಗೇ ಕೂರಿಸಿಕೊಡುತ್ತಾರೆ. ಅದಕ್ಕೆ ಎರಡೂ ಗ್ಯಾಸ್ ನಡೆಯುತ್ತದೆ. ನಮ್ಮ ಮನೆ ಒಲೆಯೂ ಹತ್ತಿರ ಹತ್ತಿರ ಇದೇ ಒತ್ತಡದಲ್ಲಿ ಉರಿಯುವುದು. ಚದರ ಸೆಂಟಿಮೀಟರಿಗೆ 30 ಗ್ರಾಂ, ಅಂದರೆ 29 ಮಿಲಿಬಾರ್ ಚಿಲ್ಲರೆ. ಹಾಗಂತ ಊರಿನಿಂದ ರೆಗ್ಯುಲೇಟರ್ ಹೊತ್ತುಕೊಂಡು ಹೋಗಬೇಡಿ. ಅಲ್ಲಿನ ಸಿಲಿಂಡರ್ ಬಾಯಿಗೆ ನೆಚ್ಚಿಕೊಂಡು ಹಾಕುವಂಥದ್ದಲ್ಲ ಅದು.

ರೆಗ್ಯುಲೇಟರ್ ಗೋಡೆಯಲ್ಲಿರುವುದರಿಂದ ದೇಶ ಬದಲಾದಾಗ ಬದಲಾಯಿಸಬೇಕಾದದ್ದು ಅದಕ್ಕೂ ಸಿಲಿಂಡರಿಗೂ ನಡುವಿನ ಚಿಕ್ಕ ಪೈಪ್ ಅಥವಾ ಅದರ ತುದಿಯ ಅಡಾಪ್ಟರ್ ಮಾತ್ರ. ಆ ಪೈಪಿಗೆ ಅಲ್ಲಿನವರು ಪಿಗ್‌ಟೇಲ್ ಅನ್ನುತ್ತಾರೆ. ಕ್ಯಾಲರ್ ಪ್ರೊಪೇನಿನ ನಟ್ ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ನಟ್ಟಿನ ಮೂಲೆಗಳಲ್ಲಿ ಸಣ್ಣ ಕಚ್ಚು ಇದ್ದರೆ ಅದು ಉಲ್ಟಾ ಥ್ರೆಡ್ ಅಂತ ಗುರುತು. ಗೊತ್ತಿಲ್ಲದವರು ಸ್ಪ್ಯಾನರ್ ಹಾಕಿ ಬಲವಂತ ಮಾಡಿ ಹಿತ್ತಾಳೆ ಥ್ರೆಡ್ಡನ್ನೇ ಕೆಡಿಸಿದ್ದನ್ನು ನೋಡಿದ್ದೇನೆ.

ಇನ್ನೊಂದು ಮಾತು. ಗೋಡೆಯ ರೆಗ್ಯುಲೇಟರ್ ಯಾವಾಗಲೂ ಸಿಲಿಂಡರಿನ ಬಾಯಿಗಿಂತ ಮೇಲಿರಬೇಕು. ಪೈಪ್ ಸಿಲಿಂಡರಿನ ಕಡೆಗೆ ಇಳಿಜಾರಾಗಿ ಬರಬೇಕು. ಗ್ಯಾಸಿನ ಜೊತೆ ಎಣ್ಣೆಯಂಥ ಜಿಡ್ಡು ಸ್ವಲ್ಪ ಬರುತ್ತದೆ. ಇಳಿಜಾರು ಇದ್ದರೆ ಅದು ವಾಪಸ್ ಸಿಲಿಂಡರಿಗೆ ಇಳಿಯುತ್ತದೆ, ಇಲ್ಲದಿದ್ದರೆ ರೆಗ್ಯುಲೇಟರ್ ಒಳಗೆ ಕೂತು ಅದನ್ನು ಕಟ್ಟಿಹಾಕುತ್ತದೆ. ಅಳಿಯಂದಿರ ಗಾಡಿಯಲ್ಲಿ ಪೈಪ್ ಜೋತುಬಿದ್ದು ನಡುವೆ ಹೊಟ್ಟೆ ಬಂದಿತ್ತು. ಸರಿಯಾದ ಉದ್ದದ್ದು ಹಾಕಿಸಿದೆ. ಪೈಪಿನ ಮೇಲೆ ಮುದ್ರಿಸಿದ ತಾರೀಕು ನೋಡುವುದು ಮಾತ್ರ ಎಲ್ಲ ಊರಿಗೂ ಒಂದೇ.

ಎಷ್ಟು ಗ್ಯಾಸ್ ಬೇಕು ಅನ್ನುವುದರಲ್ಲಿ ನಮ್ಮವರ ಅಂದಾಜು ಪೂರ್ತಿ ತಲೆಕೆಳಗು. "ನಾವು ದಿನಾ ಅನ್ನ ಸಾರು ಮಾಡ್ತೀವಿ, ಬೇಳೆ ಬೇಯಬೇಕು, ಮುದ್ದೆ ತಿರುಗಿಸಬೇಕು, ಅವರಂತೆ ಬ್ರೆಡ್ ತಿಂದು ಮಲಗೋರಲ್ಲ" ಅನ್ನುತ್ತಾರೆ. ಅಡುಗೆಗೆ ಗ್ಯಾಸ್ ಹೋಗುವುದೇ ಇಲ್ಲ ಅನ್ನಬಹುದು. ಒಂದೂವರೆ ಕಿಲೋವ್ಯಾಟಿನ ಬರ್ನರ್ ಗಂಟೆಗೆ ಸುಮಾರು 110 ಗ್ರಾಂ ಉರಿಸುತ್ತದೆ. ದಿನಕ್ಕೆ ಎರಡು ಗಂಟೆ ಉರಿದರೂ 6 ಕಿಲೋ ಸಿಲಿಂಡರ್ ಮೂರು ವಾರ ದಾಟುತ್ತದೆ. ಕುಕ್ಕರ್ ಇಟ್ಟರೆ ಇನ್ನೂ ಕಡಿಮೆ. ತಿನ್ನುವವನು ಹೀಟರ್. 4 ಕಿಲೋವ್ಯಾಟಿನ ಹೀಟರ್ ಸಣ್ಣ ಉರಿಯಲ್ಲಿ ಗಂಟೆಗೆ 160 ಗ್ರಾಂ, ದೊಡ್ಡ ಉರಿಯಲ್ಲಿ 320 ಗ್ರಾಂ. ಚಳಿಯ ರಾತ್ರಿ ಹತ್ತು ಗಂಟೆ ಸಣ್ಣ ಉರಿಯಲ್ಲಿ ಓಡಿದರೂ 1.6 ಕಿಲೋ ಹೋಯಿತು. 6 ಕಿಲೋ ಸಿಲಿಂಡರ್ ನಾಲ್ಕು ರಾತ್ರಿ ಬಾಳುವುದಿಲ್ಲ. ಗ್ಯಾಸಿನ ಮೇಲೆ ಓಡುವ ಫ್ರಿಜ್ ದಿನಕ್ಕೆ ಮುನ್ನೂರು, ನಾನೂರು ಗ್ರಾಂ ಕುಡಿಯುತ್ತದೆ.

ಹಾಗಾಗಿ ನನ್ನ ಪದ್ಧತಿ ಹೀಗೆ. ಕ್ಯಾಂಪ್‌ಸೈಟಿನಲ್ಲಿ ಕರೆಂಟ್ ಸಿಕ್ಕರೆ ಫ್ರಿಜ್, ಹೀಟರ್ ಎರಡನ್ನೂ ಕರೆಂಟಿಗೆ ಹಾಕಿಬಿಡುವುದು. ಗ್ಯಾಸ್ ಒಲೆಗೆ ಮಾತ್ರ. ಮನೆಯಲ್ಲಿರುವಂತೆ ಇಂಡಕ್ಷನ್ ಒಲೆಯನ್ನೂ ಇಟ್ಟುಕೊಳ್ಳೋಣ ಅಂತ ಮಗಳು ಹೇಳಿದಳು. ಫ್ರಾನ್ಸಿನ ಎಷ್ಟೋ ಕ್ಯಾಂಪ್‌ಸೈಟ್‌ಗಳಲ್ಲಿ ಕೊಡುವುದು 6 ಆಂಪಿಯರ್. ಅಂದರೆ 1380 ವ್ಯಾಟ್. ಹೀಟರ್ ಓಡುತ್ತಿರುವಾಗ ಇಂಡಕ್ಷನ್ ಮೇಲೆ ಸಾಂಬಾರ್ ಇಟ್ಟರೆ ಫಟ್ ಅಂತ ಟ್ರಿಪ್ ಆಗುತ್ತದೆ. ಅದಕ್ಕೇ ಒಗ್ಗರಣೆ ಯಾವತ್ತೂ ಗ್ಯಾಸಿನ ಮೇಲೆ.

ಸಿಲಿಂಡರ್ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಎರಡು ಮೂರು ವಾರದ ಪ್ರವಾಸಕ್ಕೆ, ಕರೆಂಟ್ ಇರುವ ಕ್ಯಾಂಪ್‌ಸೈಟ್‌ಗಳಲ್ಲಿ ತಂಗುವವರು, ಹೊರಡುವ ದೇಶದಲ್ಲೇ ತುಂಬಿದ ಎರಡು ಪ್ರೊಪೇನ್ ಸಿಲಿಂಡರ್ ತೆಗೆದುಕೊಂಡು ಹೋಗಿ, ಖಾಲಿ ಮಾಡಿಕೊಂಡು ಬನ್ನಿ. ದಾರಿಯಲ್ಲಿ ಬದಲಾಯಿಸುವ ಗೋಜೇ ಬೇಡ. ಕ್ಯಾಂಪಿಂಗಾಜ್ ಅನ್ನುವ ನೀಲಿ ಸಿಲಿಂಡರ್ ಹಲವು ದೇಶಗಳಲ್ಲಿ ಬದಲಾಗುತ್ತದೆ, ಅದಕ್ಕೇ ಎಲ್ಲರೂ ಅದನ್ನು ಹೇಳುತ್ತಾರೆ. ಆದರೆ ಅದರ ದೊಡ್ಡ ಸಿಲಿಂಡರಿನಲ್ಲೇ ಇರುವುದು 2.75 ಕಿಲೋ. ಕಿಲೋ ಲೆಕ್ಕ ಹಾಕಿದರೆ ತುಂಬಾ ದುಬಾರಿ. ಜೊತೆಗೆ ಅದು ಮುಖ್ಯವಾಗಿ ಬ್ಯೂಟೇನ್. ಬೇಸಿಗೆಯಲ್ಲಿ ಕಾಫಿ ಕಾಯಿಸಲು, ಮೂರನೆಯ ಸಿಲಿಂಡರಾಗಿ ಇಟ್ಟುಕೊಳ್ಳಲು ಸರಿ.

ತಿಂಗಳುಗಟ್ಟಲೆ ತಿರುಗುವವರಿಗೆ ಇನ್ನೊಂದು ದಾರಿ ಇದೆ. ಕಾರುಗಳು ಗ್ಯಾಸ್ ಹಾಕಿಸಿಕೊಳ್ಳುವ ಬಂಕಿನಲ್ಲೇ ತುಂಬಿಸಬಹುದಾದ ಸ್ವಂತ ಸಿಲಿಂಡರ್. 80 ಪರ್ಸೆಂಟ್ ತುಂಬಿದ ಕೂಡಲೇ ತಾನೇ ನಿಲ್ಲುವ ವಾಲ್ವ್ ಅದರಲ್ಲಿ ಇರಲೇಬೇಕು. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಲ್ಲ. ತುಂಬುವ ಬಾಯಿ ಗಾಡಿಯ ಹೊರಮೈಗೆ ಬಂದಿದ್ದರೆ ಬಂಕಿನವರು ತಕರಾರು ಮಾಡುವುದು ಕಡಿಮೆ. ಬಿಡಿ ಸಿಲಿಂಡರ್ ಎತ್ತಿಕೊಂಡು ಹೋದರೆ ಕೆಲವು ಕಡೆ, ಮುಖ್ಯವಾಗಿ ಜರ್ಮನಿಯಲ್ಲಿ, ಬೇಡ ಅನ್ನುತ್ತಾರೆ. ಇಲ್ಲೂ ಅದೇ ಕಥೆ, ಇಟಲಿಯ ಬಂಕಿಗೆ ಒಂದು ಅಡಾಪ್ಟರ್, ಜರ್ಮನಿಗೆ ಇನ್ನೊಂದು, ಸ್ಪೇನಿಗೆ ಮತ್ತೊಂದು. ನಾವು ಎಲ್‌ಪಿಜಿ ಅನ್ನುವುದಕ್ಕೆ ಫ್ರಾನ್ಸ್, ಇಟಲಿಗಳಲ್ಲಿ ಜಿಪಿಎಲ್ ಅಂತ ಬೋರ್ಡ್ ಹುಡುಕಬೇಕು. ಬೇಸಿಗೆಯಲ್ಲಿ ಅದರಲ್ಲಿ ಬ್ಯೂಟೇನ್ ಪಾಲು ಜಾಸ್ತಿ ಇರಬಹುದು. ದಕ್ಷಿಣದಲ್ಲಿ ತುಂಬಿಸಿಕೊಂಡು ನೇರ ಬೆಟ್ಟ ಹತ್ತಿದವರಿಗೆ ರಾತ್ರಿ ಉರಿ ಸಣ್ಣಗಾದರೆ ಕಾರಣ ಅದೇ. ಅಪರೂಪಕ್ಕೆ ಹೋಗುವವರಿಗೆ ಇಷ್ಟು ಖರ್ಚು ಬೇಡ.

ಜಾಗ್ರತೆಯ ಮಾತು ಚಿಕ್ಕದಾಗಿ ಹೇಳುತ್ತೇನೆ, ಬಿಡುವಂಥದ್ದಲ್ಲ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಕ್ಯಾರವಾನಿನ ನೆಲದಲ್ಲಿ ತೂತು ಬಿಟ್ಟಿರುತ್ತಾರೆ. ಕಾಲಿಗೆ ಚಳಿ ಅಂತ ನಮ್ಮ ಮನೆಯವರು ಅದರ ಮೇಲೆ ಚಾಪೆ ಹಾಸಿದ್ದರು, ತೆಗೆಸಿದೆ. ಹೊಸ ಸಿಲಿಂಡರ್ ಕೂರಿಸಿದಾಗಲೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೋಡಬೇಕು. ಒಲೆ ಹಚ್ಚಿಟ್ಟು ಅದರ ಬಿಸಿಗೆ ಮಲಗುವುದು ಯಾವ ಕಾರಣಕ್ಕೂ ಕೂಡದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದರ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಮೊದಲ ದಿನವೇ ಒತ್ತಿ ನೋಡಿ. ಹಡಗು ಹತ್ತುವ ಮುಂಚೆ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು.

ಎಷ್ಟು ಉಳಿದಿದೆ ಅಂತ ತಿಳಿಯಲು ಅಲ್ಲಿ ಏನೇನೋ ಮೀಟರ್ ಮಾರುತ್ತಾರೆ. ನಾನು ನಂಬುವುದು ತೂಗುವ ಕೈ ತಕ್ಕಡಿಯನ್ನು. ಖಾಲಿ ತೂಕ ಸಿಲಿಂಡರಿನ ಮೇಲೇ ಇರುತ್ತದೆ, ಕಳೆದರಾಯಿತು. ತಕ್ಕಡಿ ಇಲ್ಲದಿದ್ದರೆ ನಮ್ಮ ಹಳೆಯ ಒದ್ದೆ ಬಟ್ಟೆ ಉಪಾಯ. ಒರೆಸಿ ಬಿಟ್ಟರೆ ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಕಡೆ ಒದ್ದೆ ಉಳಿಯುತ್ತದೆ.

ಮಂಡ್ಯದ ಸ್ನೇಹಿತರೊಬ್ಬರ ಮಗ ಮ್ಯೂನಿಕ್‌ನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಕುಟುಂಬವೆಲ್ಲ ಕ್ರೊಯೇಷಿಯಾಕ್ಕೆ ಹೊರಟಿತ್ತು. ಜರ್ಮನಿಯಲ್ಲಿ ಬೂದು ಬಣ್ಣದ 11 ಕಿಲೋ ಪ್ರೊಪೇನ್ ಸಿಲಿಂಡರ್ ಸಿಗುತ್ತದೆ. ಅದು ಕೊಂಡವರ ಸ್ವಂತದ್ದು, ಯಾವ ಕಂಪನಿಗೂ ಕಟ್ಟುಬಿದ್ದಿಲ್ಲ. ಕಟ್ಟಡ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಖಾಲಿ ಕೊಟ್ಟು ತುಂಬಿದ್ದು ತರಬಹುದು. ಅಂಥವು ಎರಡು ತಗೊಳ್ಳಿ, ಜೊತೆಗೆ ಬೇರೆ ದೇಶದ ಸಿಲಿಂಡರಿಗೆ ಹೊಂದುವ ನಾಲ್ಕು ಅಡಾಪ್ಟರ್‌ಗಳ ಸೆಟ್ ಒಂದು ಇರಲಿ ಅಂದೆ. ಫ್ರಿಜ್ಜನ್ನು ಕರೆಂಟಿನಲ್ಲಿ ಓಡಿಸಿಕೊಂಡು, ದಿನಾ ಮನೆ ಅಡುಗೆ ಮಾಡಿಕೊಂಡು ಬಂದರು. ಎರಡನೆಯ ಸಿಲಿಂಡರಿನ ಸೀಲ್ ಒಡೆಯಲೇ ಇಲ್ಲವಂತೆ. ಅಡಾಪ್ಟರ್ ಸೆಟ್ ಕೂಡ ಪೊಟ್ಟಣದಲ್ಲೇ ಇದೆ, ಈ ಸಲ ಪೋರ್ಚುಗಲ್ ಕಡೆ ಹೋಗುತ್ತಾರಂತೆ, ಆಗ ಬೇಕಾಗಬಹುದು.