ಅಶ್ವಗಂಧ ಸೇವಿಸುವ ಮುನ್ನ ಮತ್ತು ಸೇವಿಸುವಾಗ

ಹಿರೇಮದ್ದು ಎಂದೂ ಕರೆಯಲಾಗುವ ಅಶ್ವಗಂಧದ ಬೇರನ್ನು ನಿದ್ರಾಹೀನತೆ ಮತ್ತು ಮನಸ್ಸಿನ ಉದ್ವೇಗಕ್ಕೆ ಆಯುರ್ವೇದದಲ್ಲಿ ಬಹುಕಾಲದಿಂದ ಬಳಸುತ್ತಾರೆ. ಹಸಿ ಬೇರನ್ನು ಮುರಿದು ಮೂಸಿದರೆ ಕುದುರೆಯ ಮೈವಾಸನೆಯಂಥ ಘಾಟು ಬರುತ್ತದೆ. ಹೆಸರಿನ ಮೂಲವೇ ಅದು. ಒತ್ತಡ ತುಸು ತಗ್ಗುವುದು, ನಿದ್ರೆ ಸುಧಾರಿಸುವುದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ.

ಮೊದಲ ಹೆಜ್ಜೆ, ಇದು ನಿಮಗೆ ಸಲ್ಲುತ್ತದೆಯೇ ಎಂದು ನೋಡುವುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಯಕೃತ್ತಿನ ತೊಂದರೆಯಿರುವವರು ಇದನ್ನು ಮುಟ್ಟಬಾರದು. ಥೈರಾಯ್ಡ್, ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನಾಗಲಿ, ನಿದ್ರೆಯ ಮಾತ್ರೆಯನ್ನಾಗಲಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಏಕೆಂದರೆ ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಸಕ್ಕರೆ ಮತ್ತು ರಕ್ತದೊತ್ತಡವನ್ನು ಇನ್ನಷ್ಟು ಇಳಿಸಬಲ್ಲದು, ಮಂಪರನ್ನೂ ಹೆಚ್ಚಿಸಬಲ್ಲದು.

ಎರಡನೆಯದು ಲೇಬಲ್ ಓದುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೇರಿನ ಚೂರ್ಣಕ್ಕೆ ಆಯುರ್ವೇದ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಆದರೆ ಬೇರಿನ ಸಾರವನ್ನು ಸಾಂದ್ರಗೊಳಿಸಿದ ಕ್ಯಾಪ್ಸೂಲಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ 300ರಿಂದ 600 ಮಿಲಿಗ್ರಾಂ. ಚೂರ್ಣದ ಅಳತೆಯಲ್ಲಿ ಸಾರವನ್ನು ತೆಗೆದುಕೊಂಡರೆ ಸುಮಾರು ಹತ್ತು ಪಟ್ಟು ಮದ್ದು ಮೈಸೇರುತ್ತದೆ. ಬೇರೋ ಎಲೆಯೋ ಎಂಬುದನ್ನೂ ನೋಡಿ: ಎಲೆಗಳನ್ನು ಬಳಸದಂತೆ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಅಳತೆಯನ್ನಾಗಲಿ, ಭಾಗವನ್ನಾಗಲಿ ನಮೂದಿಸದ ಡಬ್ಬಿಯನ್ನು ನಾನಾದರೆ ಕೊಳ್ಳುವುದಿಲ್ಲ.

ಮೂರನೆಯದಾಗಿ, ಕನಿಷ್ಠ ಪ್ರಮಾಣದಿಂದ, ರಾತ್ರಿ ಊಟವಾದ ಮೇಲೆ ಆರಂಭಿಸಿ. ಚೂರ್ಣವನ್ನು ಬೆಚ್ಚಗಿನ ಹಾಲಿನಲ್ಲಿ ಕದಡಿ ಕುಡಿಯುವುದು ರೂಢಿ. ಕಹಿ ಪೂರ್ತಿ ಹೋಗದು. ಮೊದಲ ಕೆಲವು ದಿನ ಹೊಟ್ಟೆ ಕೆಡುವುದು, ಭೇದಿ, ಹಗಲಿನ ತೂಕಡಿಕೆ ಕಾಣಬಹುದಾದ್ದರಿಂದ ಮಂಪರು ಕವಿದಾಗ ವಾಹನ ಓಡಿಸಬೇಡಿ. ಆರಂಭಿಸಿದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆದಿಡಿ. ಅಧ್ಯಯನಗಳು ಬಹುತೇಕ ಎಂಟರಿಂದ ಹನ್ನೆರಡು ವಾರಗಳಷ್ಟೇ ನಡೆದಿವೆ. ಆದ್ದರಿಂದ ಮೂರು ತಿಂಗಳು ಮೀರಿ ಮುಂದುವರಿಸುವುದು ಸ್ವಂತ ತೀರ್ಮಾನವಾಗಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸುವುದು ಕ್ಷೇಮ.

ಅಪರೂಪವಾದರೂ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ. ಕಣ್ಣಿನ ಬಿಳಿಭಾಗ ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಸಿದರೆ ಅಂದೇ ಸೇವನೆ ನಿಲ್ಲಿಸಿ, ದಿನಾಂಕ ಬರೆದ ಅದೇ ಡಬ್ಬಿಯೊಂದಿಗೆ ವೈದ್ಯರ ಬಳಿ ಹೋಗಿ. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಅವರು ಕೇಳಿದಾಗ ಇದರ ಹೆಸರನ್ನೂ ಹೇಳಬೇಕು.